‘ನಂಬಿದ್ದೇನೆ’ ಅಂತ ಬರೆದರೆ ಟ್ರಸ್ಟ್ ಆಗುತ್ತದಾ?

“ನನ್ನ ಮಗನು ತನ್ನ ತಂಗಿಯನ್ನು ಎಂದೂ ಕೈಬಿಡುವುದಿಲ್ಲವೆಂದು ಪೂರ್ಣವಾಗಿ ನಂಬಿರುತ್ತೇನೆ.”

ಸಕಲೇಶಪುರ ಕಡೆಯ ಒಂದು ವಿಲ್‌ನ ಎರಡನೇ ಪುಟದಲ್ಲಿರುವ ಸಾಲು ಇದು. ಪ್ಲಾಸ್ಟಿಕ್ ಕವರಿನಲ್ಲಿ ಜೆರಾಕ್ಸ್ ಇಟ್ಟುಕೊಂಡು ಆ ತಂಗಿಯೇ ಬೆಳಗಿನ ಬಸ್ಸಿಗೆ ಹಾಸನಕ್ಕೆ ನನ್ನ ಹತ್ತಿರ ಬಂದಿದ್ದರು. ಈ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು, ಎರಡು ಸಲ. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ 14 ಎಕರೆ ಕಾಫಿ ತೋಟ. ಜೊತೆಗೆ ಮೆಣಸು, ಒಂದಷ್ಟು ಸಿಲ್ವರ್ ಮರ. ವಿಲ್ ಪ್ರಕಾರ ಎಲ್ಲವೂ ಅಣ್ಣನ ಹೆಸರಿಗೆ. ತಂಗಿಗೆ ಸಿಕ್ಕಿದ್ದು ಈ ಒಂದು ಸಾಲು.

ಅಪ್ಪ ತೀರಿಕೊಂಡ ಮೇಲೆ ಎಷ್ಟೋ ವರ್ಷ ಈ ಸಾಲು ಯಾರಿಗೂ ನೆನಪಾಗಲಿಲ್ಲ. ಕಾಫಿಗೆ ರೇಟೇ ಇರಲಿಲ್ಲ, ಆಳುಗಳು ಸಿಗುತ್ತಿರಲಿಲ್ಲ, ಅಣ್ಣ ತೋಟ ಮಾರದೆ ಉಳಿಸಿಕೊಂಡದ್ದೇ ದೊಡ್ಡದು ಅಂತ ತಂಗಿಯೂ ಸುಮ್ಮನಿದ್ದರು. 2025ರ ಶುರುವಿನಲ್ಲಿ ಅರೇಬಿಕಾದ ಅಂತರರಾಷ್ಟ್ರೀಯ ಬೆಲೆ ಪೌಂಡಿಗೆ 4 ಡಾಲರ್ ದಾಟಿತು ನೋಡಿ, ಆಗ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹಳೇ ಟ್ರಂಕುಗಳು ಬಾಯಿ ತೆರೆದವು. “ಸಾರ್, ಇದು ಟ್ರಸ್ಟ್ ಅಂತೆ ಹೌದಾ? ಯೂಟ್ಯೂಬಲ್ಲಿ ಒಬ್ಬರು ಹೇಳ್ತಿದ್ರು” ಅಂದರು ಆಕೆ.

ಒಳ್ಳೆಯ ಪ್ರಶ್ನೆ. ಉತ್ತರ ಮಾತ್ರ ಯೂಟ್ಯೂಬಿನವರು ಹೇಳಿದಷ್ಟು ಸಲೀಸಲ್ಲ.

ಟ್ರಸ್ಟ್ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ದೇವಸ್ಥಾನ, ಶಾಲೆ, ಸಮುದಾಯ ಭವನ, ಬಾಗಿಲಲ್ಲಿ ಧರ್ಮದರ್ಶಿಗಳ ಹೆಸರು ಕೆತ್ತಿದ ಕಲ್ಲು. ಅದು ಸಾರ್ವಜನಿಕ ಟ್ರಸ್ಟ್. ಅದರ ಕಾನೂನೇ ಬೇರೆ, ಜಗಳ ಆದರೆ ಹೋಗುವ ದಾರಿಯೂ ಬೇರೆ. ನಾನು ಇಲ್ಲಿ ಹೇಳುತ್ತಿರುವುದು ಖಾಸಗಿ ಟ್ರಸ್ಟ್ ಬಗ್ಗೆ. ಅಂದರೆ ಒಬ್ಬರು ಗೊತ್ತಿದ್ದೇ, ಬೇಕು ಅಂತಲೇ, ತಮ್ಮ ಆಸ್ತಿಯನ್ನು ಇಂಥವರ (ಫಲಾನುಭವಿ) ಒಳಿತಿಗೆ ಅಂತ ಇನ್ನೊಬ್ಬರ (ಟ್ರಸ್ಟಿ) ಕೈಗೆ ಒಪ್ಪಿಸುವುದು. ಇದಕ್ಕೆ 1882ರ ಭಾರತೀಯ ಟ್ರಸ್ಟ್ ಕಾಯ್ದೆ ಇದೆ. ಧಾರ್ಮಿಕ ಮತ್ತು ದಾನದ ದತ್ತಿಗಳು, ವಕ್ಫ್, ಅವಿಭಕ್ತ ಕುಟುಂಬದ ಒಳಗಿನ ಸಂಬಂಧಗಳು ನನ್ನ ವ್ಯಾಪ್ತಿಗೆ ಬರುವುದಿಲ್ಲ ಅಂತ ಆ ಕಾಯ್ದೆ ಮೊದಲ ಕಲಂನಲ್ಲೇ ಹೇಳಿಬಿಡುತ್ತದೆ. ಹಾಗಾಗಿ “ನಮ್ಮ ದೊಡ್ಡಪ್ಪ ಮನೆ ಯಜಮಾನ, ಅವರೇ ನಮಗೆಲ್ಲ ಟ್ರಸ್ಟಿ ಇದ್ದ ಹಾಗೆ” ಅನ್ನುವ ಮಾತಿದೆಯಲ್ಲ, ಅದು ಕೇಳಲು ಚೆಂದ, ಆದರೆ ಈ ಕಾಯ್ದೆಗೆ ಸೇರಿದ್ದಲ್ಲ.

ಟ್ರಸ್ಟ್ ಅಂದರೆ ಆಸ್ತಿಯ ಒಡೆತನಕ್ಕೆ ಅಂಟಿಕೊಂಡಿರುವ ಒಂದು ಹೊಣೆ. ಕಾಯ್ದೆಯ 3ನೇ ಕಲಂನ ಸಾರ ಇಷ್ಟೇ. ಪಹಣಿಯಲ್ಲಿ ಹೆಸರು ಟ್ರಸ್ಟಿಯದು, ಕಾನೂನಿನ ಪ್ರಕಾರ ಮಾಲೀಕ ಅವನೇ. ಆದರೆ ಫಸಲಿನ ದುಡ್ಡು ಅವನ ಜೇಬಿಗಲ್ಲ, ಫಲಾನುಭವಿಗೆ. ಫಲಾನುಭವಿ ತೋಟದ ಮಾಲೀಕ ಅಲ್ಲ, ಆದರೆ ಮಾಲೀಕನ ಕುತ್ತಿಗೆ ಪಟ್ಟಿ ಹಿಡಿದು ಲೆಕ್ಕ ಕೇಳುವ ಹಕ್ಕು ಅವನಿಗಿದೆ. ಇಂಗ್ಲೆಂಡಿನಲ್ಲಿ ಇದನ್ನು ಎರಡು ಥರದ ಒಡೆತನ ಅಂತ ನೋಡುತ್ತಾರೆ. ನಮ್ಮ ಕಾಯ್ದೆ ಒಡೆತನವನ್ನು ಸೀಳುವುದಿಲ್ಲ, ಮಾಲೀಕನ ಹೆಗಲ ಮೇಲೆ ಹೊರೆ ಇಡುತ್ತದೆ. ಇನ್ನೊಂದು ಮಾತು, ಟ್ರಸ್ಟ್ ಅಂದರೆ ಕಂಪನಿ ಥರ ಒಂದು ‘ವ್ಯಕ್ತಿ’ ಅಲ್ಲ. 2025ರಲ್ಲಿ ಒಂದು ಚೆಕ್ ಬೌನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಿತು. ಚೆಕ್ಕಿಗೆ ಸಹಿ ಹಾಕಿದ ಟ್ರಸ್ಟಿಯ ಮೇಲೆ ಕೇಸು ನಡೆಸಲು ಟ್ರಸ್ಟನ್ನೂ ಆರೋಪಿ ಮಾಡಬೇಕಾಗಿಲ್ಲ, ಯಾಕೆಂದರೆ ಅದು ಪ್ರತ್ಯೇಕ ವ್ಯಕ್ತಿಯೇ ಅಲ್ಲ. ಸಿಕ್ಕಿಹಾಕಿಕೊಳ್ಳುವುದು ಯಾವತ್ತೂ ಟ್ರಸ್ಟಿಯೇ.

ಈಗ ಅಸಲು ವಿಷಯಕ್ಕೆ ಬರೋಣ. ಟ್ರಸ್ಟ್ ಹುಟ್ಟಬೇಕಾದರೆ ಏನಿರಬೇಕು? 6ನೇ ಕಲಂ ನಾಲ್ಕು ಸಂಗತಿ ಸಾಕಷ್ಟು ಖಚಿತವಾಗಿ ಗೊತ್ತಾಗಬೇಕು ಅನ್ನುತ್ತದೆ. ಟ್ರಸ್ಟ್ ಮಾಡಬೇಕು ಅನ್ನುವ ಇರಾದೆ, ಯಾವ ಉದ್ದೇಶಕ್ಕೆ, ಯಾರಿಗಾಗಿ, ಯಾವ ಆಸ್ತಿ. ಇದರ ಮೇಲೆ ಆಸ್ತಿಯನ್ನು ಟ್ರಸ್ಟಿಗೆ ವರ್ಗಾಯಿಸಿಯೂ ಇರಬೇಕು. ವಿಲ್ ಮೂಲಕ ಮಾಡಿದ್ದರೆ ಅಥವಾ ಮಾಡುವವನೇ ಟ್ರಸ್ಟಿ ಆಗಿದ್ದರೆ ಮಾತ್ರ ಆ ವರ್ಗಾವಣೆ ಬೇಡ. ‘ಟ್ರಸ್ಟ್’ ಅನ್ನುವ ಪದವನ್ನೇ ಬಳಸಬೇಕು ಅಂತ ಎಲ್ಲೂ ಇಲ್ಲ. ಹಾಗೆಯೇ ಪದ ಬಳಸಿದ ಮಾತ್ರಕ್ಕೆ ಟ್ರಸ್ಟ್ ಆಗಿಬಿಡುವುದೂ ಇಲ್ಲ.

ಈ ಕಲಂ ಕೆಳಗೆ ಕಾಯ್ದೆ ಬರೆದವರು ಒಂದಷ್ಟು ಉದಾಹರಣೆ ಕೊಟ್ಟಿದ್ದಾರೆ. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಓದಲು ಮಜಾ ಇರುವ ಜಾಗ ಇದು. ಒಬ್ಬ ತನ್ನ ಆಸ್ತಿಯನ್ನು ವಿಲ್‌ನಲ್ಲಿ ಇನ್ನೊಬ್ಬನಿಗೆ ಬರೆದು, ‘ಇದನ್ನು ಇಂಥವಳ ಒಳಿತಿಗಾಗಿ ವಿಲೇವಾರಿ ಮಾಡುತ್ತಾನೆ ಅನ್ನುವ ಪೂರ್ತಿ ವಿಶ್ವಾಸದಿಂದ’ ಅಂತ ಸೇರಿಸುತ್ತಾನೆ. ಅದು ಟ್ರಸ್ಟ್. ಇನ್ನೊಬ್ಬ ‘ಆಸ್ತಿಯನ್ನು ಮನೆತನದಲ್ಲೇ ಉಳಿಸಿಕೊಳ್ಳುತ್ತಾನೆ ಅಂತ ಆಶಿಸುತ್ತಾ’ ಅಂತ ಬರೆಯುತ್ತಾನೆ. ಟ್ರಸ್ಟ್ ಅಲ್ಲ, ಯಾಕೆಂದರೆ ಮನೆತನದಲ್ಲಿ ಯಾರಿಗೆ ಅನ್ನುವುದೇ ಗೊತ್ತಿಲ್ಲ. ಮತ್ತೊಬ್ಬ ‘ಇದರಲ್ಲಿ ಬಹುಪಾಲನ್ನು ಇಂಥವನ ಮಕ್ಕಳಿಗೆ ಹಂಚಲಿ’ ಅಂತಾನೆ. ಅದೂ ಅಲ್ಲ. ಬಹುಪಾಲು ಅಂದರೆ ಎಷ್ಟು? ಎಂಟಾಣೆಯೋ ಹನ್ನೆರಡಾಣೆಯೋ?

ತಂಗಿಯ ವಿಲ್ ಮೊದಲನೆಯದರ ಹಾಗೆ ಕಾಣುತ್ತದೆ, ಅಲ್ವಾ? ‘ಪೂರ್ಣವಾಗಿ ನಂಬಿರುತ್ತೇನೆ’ ಇದೆ, ಯಾರಿಗಾಗಿ ಅನ್ನುವುದೂ ಇದೆ. ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ಇನ್ನೊಮ್ಮೆ ಓದಿ. ಕಾಯ್ದೆಯ ಉದಾಹರಣೆಯಲ್ಲಿ ಆ ನಂಬಿಕೆ ಆಸ್ತಿಗೆ ತಗುಲಿಕೊಂಡಿದೆ, ‘ಈ ಆಸ್ತಿಯನ್ನು ಅವಳಿಗಾಗಿ ವಿಲೇವಾರಿ ಮಾಡುತ್ತಾನೆ’ ಅಂತ. ಈ ವಿಲ್‌ನಲ್ಲಿ ನಂಬಿಕೆ ತಗುಲಿಕೊಂಡಿರುವುದು ಮಗನ ಗುಣಕ್ಕೆ. ಕೈಬಿಡುವುದಿಲ್ಲ ಅಂದರೆ ಏನು? ವರ್ಷಕ್ಕೊಂದು ಸೀರೆ, ಗೌರಿ ಹಬ್ಬಕ್ಕೆ ಬಾಗಿನ, ಕಾಯಿಲೆ ಬಂದರೆ ಆಸ್ಪತ್ರೆ ಖರ್ಚು, ಅಥವಾ ಫಸಲಿನಲ್ಲಿ ಅರ್ಧ? 14 ಎಕರೆಯೂ ಆಕೆಗಾಗಿಯೋ, ನಾಲ್ಕು ಎಕರೆಯೋ? ಇದನ್ನು ಹಿಡಿದುಕೊಂಡು ಟ್ರಸ್ಟ್ ಅಂತ ದಾವೆ ಹಾಕಿದರೆ ಗೆಲ್ಲುವುದು ಕಷ್ಟ ಅಂತಲೇ ಹೇಳಿದೆ. ಆಕೆಯ ಮುಖ ಸಪ್ಪಗಾಯಿತು.

ಇಂಗ್ಲೆಂಡಿನಲ್ಲೂ ಇದೇ ಥರದ ಒಂದು ಸಾಲು ಕೋರ್ಟಿಗೆ ಬಂದಿತ್ತು, ನಮ್ಮ ಕಾಯ್ದೆ ಬಂದ ಎರಡೇ ವರ್ಷಕ್ಕೆ, 1884ರಲ್ಲಿ. ಗಂಡ ಎಲ್ಲವನ್ನೂ ಹೆಂಡತಿಗೆ ಬರೆದು, ಮಕ್ಕಳ ನಡುವೆ ಹಂಚುವ ವಿಷಯದಲ್ಲಿ ಆಕೆ ಸರಿಯಾದದ್ದನ್ನೇ ಮಾಡುತ್ತಾಳೆ ಅನ್ನುವ ಪೂರ್ತಿ ವಿಶ್ವಾಸ ತನಗಿದೆ ಅಂದಿದ್ದ. ಇದು ಟ್ರಸ್ಟ್ ಅಲ್ಲ, ಆಸ್ತಿ ಪೂರ್ತಿ ಹೆಂಡತಿಯದೇ ಅಂತ ಕೋರ್ಟು ಹೇಳಿತು. ಅದಕ್ಕೂ ಮುಂಚೆ 1840ರ ಇನ್ನೊಂದು ಕೇಸಿನಲ್ಲಿ ಲಾರ್ಡ್ ಲ್ಯಾಂಗ್‌ಡೇಲ್ ಅನ್ನುವ ನ್ಯಾಯಾಧೀಶರು ಮಾತು, ಆಸ್ತಿ, ಫಲಾನುಭವಿ ಮೂರೂ ಖಚಿತ ಇರಬೇಕು ಅಂತ ಹೇಳಿದ್ದರು. ನಮ್ಮ 6ನೇ ಕಲಂನಲ್ಲೂ ಇದೇ ಅಳತೆ ಇದೆ. ಬೇಡಿಕೊಳ್ಳುವ ಮಾತು, ಹಾರೈಸುವ ಮಾತು, ನಂಬುವ ಮಾತು ಒಂದು ಕಡೆ. ಕಟ್ಟಿಹಾಕುವ ಮಾತು ಇನ್ನೊಂದು ಕಡೆ. ನಮ್ಮ ಹಳೇ ಪತ್ರ ಬರಹಗಾರರ ಭಾಷೆಯಲ್ಲಿ ಹೇಳುವುದಾದರೆ ‘ನೋಡಿಕೊಳ್ಳಲಿ’ ಅನ್ನುವುದಕ್ಕೂ ‘ನೋಡಿಕೊಳ್ಳತಕ್ಕದ್ದು’ ಅನ್ನುವುದಕ್ಕೂ ಇರುವ ವ್ಯತ್ಯಾಸ. ‘ತಕ್ಕದ್ದು’ ಅನ್ನುವುದನ್ನು ಕೇಳಿದರೆ ನಗು ಬರುತ್ತದೆ, ಆದರೆ ಕೆಲಸ ಮಾಡುವುದು ಅದೇ.

ಇನ್ನು ಬಾಯಿಮಾತಿನ ವಿಚಾರ. “ನಿನ್ನ ಹೆಸರಲ್ಲಿ ಇರ್ಲಿ ಭಾವ, ಮಕ್ಕಳು ದೊಡ್ಡವರಾದ ಮೇಲೆ ಅವರಿಗೆ ಮಾಡಿಕೊಡು” ಅಂತ ಹೇಳಿ ತೋಟ ಕೊಂಡವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಸ್ಥಿರಾಸ್ತಿಯ ಟ್ರಸ್ಟ್ ಬರವಣಿಗೆಯಲ್ಲಿ ಇರಬೇಕು, ಮಾಡಿದವರು ಅಥವಾ ಟ್ರಸ್ಟಿ ಸಹಿ ಹಾಕಿರಬೇಕು, ರಿಜಿಸ್ಟರ್ ಆಗಿರಬೇಕು. ಇಲ್ಲದಿದ್ದರೆ ವಿಲ್‌ನಲ್ಲಿ ಇರಬೇಕು. 5ನೇ ಕಲಂ ಹೇಳುವುದು ಇಷ್ಟು. ಈ ನಿಯಮವನ್ನೇ ಮೋಸಕ್ಕೆ ಗುರಾಣಿ ಮಾಡಿಕೊಳ್ಳುವ ಹಾಗಿಲ್ಲ ಅಂತಲೂ ಅಲ್ಲೇ ಸೇರಿಸಿದ್ದಾರೆ ನಿಜ, ಆದರೆ ಮೋಸ ಆಗಿದೆ ಅಂತ ಸಾಬೀತು ಮಾಡಲು ವರ್ಷಗಟ್ಟಲೆ ಬೇಕು. ಜೊತೆಗೆ ಬೇನಾಮಿ ಕಾಯ್ದೆಯ ತಲೆನೋವು. ದುಡ್ಡು ಒಬ್ಬರದು, ಹೆಸರು ಇನ್ನೊಬ್ಬರದು ಇದ್ದರೆ ಹೆಸರಿನವರು ದುಡ್ಡಿನವರಿಗಾಗಿ ಇಟ್ಟುಕೊಂಡಿದ್ದಾರೆ ಅಂತ ಭಾವಿಸುವ ಕಲಂ ಟ್ರಸ್ಟ್ ಕಾಯ್ದೆಯಲ್ಲೇ ಹಿಂದೆ ಇತ್ತು. 1988ರಲ್ಲಿ ಬೇನಾಮಿ ಕಾಯ್ದೆ ಬಂದಾಗ 81, 82, 94ನೇ ಕಲಂಗಳನ್ನು ಕಿತ್ತುಹಾಕಿದರು. 2016ರ ತಿದ್ದುಪಡಿ ಆದ ಮೇಲೆ ಆಸ್ತಿ ಜಪ್ತಿ ಆಗುವ ಭಯವೂ ಸೇರಿಕೊಂಡಿತು. ನಿಜವಾದ ಟ್ರಸ್ಟಿ ಇನ್ನೊಬ್ಬರ ಒಳಿತಿಗೆ ಆಸ್ತಿ ಇಟ್ಟುಕೊಂಡರೆ ಅದು ಬೇನಾಮಿ ಅಲ್ಲ, ಅದಕ್ಕೆ ವಿನಾಯಿತಿ ಇದೆ. ಆದರೆ ನಿಜವಾದ ಟ್ರಸ್ಟಿ ಅಂತ ತೋರಿಸಲು ಕಾಗದ ಬೇಕಲ್ಲ.

ಕಾಗದ ಇದ್ದರೂ ಎಡವುವವರು ಇದ್ದಾರೆ. ಕಳೆದ ನಾಲ್ಕೈದು ವರ್ಷದಲ್ಲಿ ‘ಫ್ಯಾಮಿಲಿ ಟ್ರಸ್ಟ್’ ಅನ್ನುವುದು ಒಂದು ಫ್ಯಾಷನ್ ಆಗಿಬಿಟ್ಟಿದೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ, ಯಾರೋ ಸ್ನೇಹಿತರು ಹೇಳುತ್ತಾರೆ, ಒಂದು ಮಾದರಿ ಡೀಡ್ (ಟ್ರಸ್ಟ್ ಪತ್ರ) ಇಳಿಸಿಕೊಳ್ಳುತ್ತಾರೆ. ಅದರಲ್ಲಿ ಮೂಲಧನ ಹತ್ತು ಸಾವಿರ ರೂಪಾಯಿ ಅಂತ ಇರುತ್ತದೆ. ಟ್ರಸ್ಟಿಗಳ ಹೆಸರು, ಫಲಾನುಭವಿಗಳ ಹೆಸರು, ಇಪ್ಪತ್ತು ಪುಟ ನಿಯಮ, ಮೇಲೊಂದು ಚೆಂದದ ಹೆಸರು, ಸಾಮಾನ್ಯವಾಗಿ ಅಜ್ಜಿಯದು. ರಿಜಿಸ್ಟರ್ ಆಯಿತು, ಫೋಟೋ ತೆಗೆದರು, ಹೋಟೆಲಲ್ಲಿ ದೋಸೆ ತಿಂದು ಮನೆಗೆ ಬಂದರು. ಎರಡು ವರ್ಷ ಬಿಟ್ಟು ಯಜಮಾನರು ತೀರಿಕೊಂಡ ಮೇಲೆ ನೋಡಿದರೆ ಟ್ರಸ್ಟ್ ಒಳಗೆ ಇರುವುದು ಆ ಹತ್ತು ಸಾವಿರ ಮಾತ್ರ! ತೋಟದ ಸರ್ವೆ ನಂಬರೇ ಡೀಡಿನ ಆಸ್ತಿ ಪಟ್ಟಿಯಲ್ಲಿ (ಷೆಡ್ಯೂಲ್) ಇಲ್ಲ. ಮುಂದೆ ಸೇರಿಸೋಣ ಅಂತ ಬಿಟ್ಟದ್ದು ಬಿಟ್ಟ ಹಾಗೇ ಉಳಿದಿದೆ. ತೋಟ ಟ್ರಸ್ಟಿಗೆ ಹೋಗಲೇ ಇಲ್ಲ, ಹಾಗಾಗಿ ಮಾಮೂಲಿನಂತೆ ವಾರಸುದಾರರಿಗೆ ಹೋಗುತ್ತದೆ, ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅರ್ಜಿ ಹಾಕುವುದು, ಜಗಳ, ಎಲ್ಲ ಮೊದಲಿನಿಂದ. ಇಂಥ ಒಂದು ಫೈಲನ್ನು ನಾನೇ ಎರಡು ವರ್ಷ ಹೊತ್ತು ತಿರುಗಿದ್ದೇನೆ. ಡೀಡ್ ಬರೆದುಕೊಟ್ಟವರು ಯಾರು ಅಂತ ಹೇಳುವುದಿಲ್ಲ.

ಇನ್ನೊಂದು ಎಡವಟ್ಟು ಆಗುವುದು ಆಸ್ತಿ ಯಾರದು ಅನ್ನುವುದರಲ್ಲಿ. ತನ್ನದಲ್ಲದ್ದನ್ನು ಟ್ರಸ್ಟ್‌ಗೆ ಹಾಕಲು ಆಗುವುದಿಲ್ಲ, ಇದು ಯಾರಿಗಾದರೂ ಗೊತ್ತಾಗುವ ಮಾತು. ಆದರೆ ನಮ್ಮಲ್ಲಿ ತನ್ನದು ಯಾವುದು, ಮನೆತನದ್ದು ಯಾವುದು ಅನ್ನುವುದು ಅಷ್ಟು ಸುಲಭಕ್ಕೆ ಗೊತ್ತಾಗುವುದಿಲ್ಲ. ತಾತನ ಕಾಲದ ಏಲಕ್ಕಿ ಮಲೆ, ಅದರ ಆದಾಯದಲ್ಲಿ ಅಪ್ಪ ಕೊಂಡ ಪಕ್ಕದ ಆರು ಎಕರೆ, ಅದಕ್ಕೆ ಸೊಸೆ ತವರಿನ ದುಡ್ಡು ಸ್ವಲ್ಪ. ಪಿತ್ರಾರ್ಜಿತ ಆದರೆ ಮಕ್ಕಳಿಗೆ ಹುಟ್ಟಿನಿಂದಲೇ ಪಾಲಿದೆ. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಅದೇ ಹಕ್ಕು, ಅಪ್ಪ ಆ ದಿನ ಬದುಕಿರಬೇಕು ಅಂತಲೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಇತ್ಯರ್ಥ ಮಾಡಿದೆ. ಪ್ರೀತಿಗೆ ಅಂತ ಕುಟುಂಬದ ಆಸ್ತಿಯನ್ನು ಯಜಮಾನ ದಾನ ಮಾಡಲು ಬರುವುದಿಲ್ಲ, ಧರ್ಮಕಾರ್ಯಕ್ಕೆ ಮಿತಿಯಲ್ಲಿ ಮಾತ್ರ ಅಂತ 2022ರಲ್ಲಿ ಇನ್ನೊಂದು ತೀರ್ಪು ಬಂತು. ದಾನಕ್ಕೇ ಇಷ್ಟು ಕಟ್ಟುಪಾಡು ಇದ್ದ ಮೇಲೆ ಟ್ರಸ್ಟ್ ಅಂತ ಹೆಸರು ಬದಲಾಯಿಸಿ ಮಗಳ ಪಾಲನ್ನು ಒಳಗೆ ಸೇರಿಸಿಬಿಡಬಹುದು ಅಂದುಕೊಂಡವರಿಗೆ ನಾನು ಒಂದೇ ಮಾತು ಹೇಳುವುದು. ಮೊದಲು ವಿಭಾಗ ಪತ್ರ ಮಾಡಿಕೊಳ್ಳಿ, ಆಮೇಲೆ ನಿಮ್ಮ ಪಾಲಿಗೆ ಏನು ಬೇಕಾದರೂ ಮಾಡಿ.

ಸರಿ, ಟ್ರಸ್ಟ್ ಸರಿಯಾಗೇ ಆಯಿತು ಅಂತ ಇಟ್ಟುಕೊಳ್ಳಿ. ಅಪ್ಪ ಹೋದರು, ದೊಡ್ಡ ಮಗ ಊರಲ್ಲಿದ್ದಾನೆ, ಅವನೂ ಬೆಂಗಳೂರಿನ ತಮ್ಮನೂ ಟ್ರಸ್ಟಿಗಳು, ಅಮ್ಮ ಮತ್ತು ಮೂವರು ಮಕ್ಕಳು ಫಲಾನುಭವಿಗಳು. ಮೊದಲ ಫಸಲು ಬರುತ್ತದೆ. ಕಣದಲ್ಲಿ ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟ್ ಒಣಗುತ್ತಿದೆ, ಮೂಟೆಗೆ ಇವತ್ತು ಒಂದು ರೇಟು, ನಾಳೆ ಇನ್ನೊಂದು. ದೊಡ್ಡವನಿಗೆ ಇವತ್ತೇ ಕೊಟ್ಟುಬಿಡಬೇಕು ಅನ್ನಿಸುತ್ತದೆ. ಆದರೆ ಒಬ್ಬನೇ ಟ್ರಸ್ಟಿ ನಿರ್ಧಾರ ಮಾಡುವ ಹಾಗಿಲ್ಲ. ಡೀಡಿನಲ್ಲಿ ಬೇರೆ ಥರ ಹೇಳದಿದ್ದರೆ ಎಲ್ಲ ಟ್ರಸ್ಟಿಗಳೂ ಸೇರಿಯೇ ನಡೆಯಬೇಕು ಅನ್ನುತ್ತದೆ 48ನೇ ಕಲಂ. ತಮ್ಮ ಮೀಟಿಂಗಿನಲ್ಲಿ ಇದ್ದಾನೆ, ಫೋನ್ ಎತ್ತುತ್ತಿಲ್ಲ. ಸಾಯಂಕಾಲಕ್ಕೆ ರೇಟು ಇಳಿಯಿತು. ಇಂಥ ಚಿಕ್ಕ ವಿಷಯಕ್ಕೇ ಅಣ್ಣತಮ್ಮಂದಿರ ಮಾತು ನಿಲ್ಲುವುದು. ಡೀಡ್ ಬರೆಯುವಾಗ ಒಂದೇ ಒಂದು ಸಾಲು ಸೇರಿಸಿದ್ದರೆ ಆಗುತ್ತಿತ್ತು, ಫಸಲು ಮಾರುವ ಅಧಿಕಾರ ಊರಲ್ಲಿರುವ ಟ್ರಸ್ಟಿಗೆ, ಜಮೀನು ಮುಟ್ಟಬೇಕಾದರೆ ಇಬ್ಬರದೂ ಸಹಿ ಅಂತ.

ಅದೇ ದೊಡ್ಡ ಮಗ ವರ್ಷಪೂರ್ತಿ ಚಿಗುರು ತೆಗೆಸುವುದು, ಗೊಬ್ಬರ, ಔಷಧಿ, ಲೈನ್ ಮನೆಗಳಲ್ಲಿರುವ ಆಳುಗಳ ಸಮಸ್ಯೆ, ಆನೆ ಬಂದರೆ ರಾತ್ರಿ ಎದ್ದು ಕೂರುವುದು, ಎಲ್ಲ ಮಾಡುತ್ತಾನೆ. ಅವನಿಗೆ ಸಂಬಳ? ಡೀಡಿನಲ್ಲಿ ಬರೆಯದಿದ್ದರೆ, ಬೇರೆ ಒಪ್ಪಂದವೂ ಇಲ್ಲದಿದ್ದರೆ ಇಲ್ಲ. ಟ್ರಸ್ಟಿಗೆ ತನ್ನ ಶ್ರಮಕ್ಕೆ ಸಂಭಾವನೆ ಕೇಳುವ ಹಕ್ಕಿಲ್ಲ, ಕೈಯಿಂದ ಹಾಕಿದ ಖರ್ಚು ವಾಪಸ್ ಪಡೆಯಬಹುದು ಅಷ್ಟೆ. ಇದನ್ನು ಹೇಳಿದಾಗ ಮೂಡಿಗೆರೆಯ ಒಬ್ಬರು ನನ್ನನ್ನು ಗುರಾಯಿಸಿ, “ಹಾಗಾದ್ರೆ ನಮ್ಮ ರೈಟರೇ ವಾಸಿ, ತಿಂಗಳಾದರೆ ಅವನಿಗೆ ಸಂಬಳ ಬರ್ತದೆ” ಅಂದರು. ರೈಟರ್ ಅಂದರೆ ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ನೌಕರ. ಮಾತು ನಿಜವೇ. ಮಕ್ಕಳಲ್ಲಿ ಒಬ್ಬನನ್ನು ಪುಕ್ಕಟೆ ದುಡಿಸಿ, ಉಳಿದವರಿಗೆ ಸಮಪಾಲು ಕೊಡುವ ಡೀಡು ಹತ್ತು ವರ್ಷ ಬಾಳುವುದಿಲ್ಲ. ಇದು ಕಾನೂನಿನ ಮಾತಲ್ಲ, ನಾನು ನೋಡಿದ್ದು.

ಸಂಬಳ ಇಲ್ಲ ಅಂತ ಅಡ್ಡದಾರಿ ಹಿಡಿದರೆ ಕಾಯ್ದೆ ಇನ್ನೂ ಖಡಕ್ಕು. ದೊಡ್ಡವನಿಗೆ ಪೇಟೆಯಲ್ಲಿ ಮೆಣಸಿನ ಮಂಡಿ ಇದೆ ಅಂದುಕೊಳ್ಳಿ. ಟ್ರಸ್ಟ್ ತೋಟದ ಮೆಣಸನ್ನು ತನ್ನ ಮಂಡಿಗೇ ಕಿಲೋಗೆ ಇಪ್ಪತ್ತು ರೂಪಾಯಿ ಕಮ್ಮಿಗೆ ಹಾಕಿಕೊಂಡರೆ? ಟ್ರಸ್ಟ್ ಆಸ್ತಿಯನ್ನು ಸ್ವಂತ ಲಾಭಕ್ಕೆ ಬಳಸುವ ಹಾಗಿಲ್ಲ, ಆ ವ್ಯತ್ಯಾಸವನ್ನು ಅವನು ಕಟ್ಟಿಕೊಡಬೇಕಾಗುತ್ತದೆ. ಲೆಕ್ಕ ಸ್ಪಷ್ಟವಾಗಿ ಇಟ್ಟಿರಬೇಕು, ಕೇಳಿದಾಗ ತೋರಿಸಬೇಕು. ಡೀಡನ್ನು ನೋಡುವ, ಪ್ರತಿ ಪಡೆಯುವ ಹಕ್ಕು ಫಲಾನುಭವಿಗೆ ಇದೆ. “ಅದೆಲ್ಲ ನಿನಗ್ಯಾಕೆ, ನಾನಿಲ್ವಾ” ಅನ್ನುವ ಉತ್ತರ ಕಾನೂನಿನ ಮುಂದೆ ನಡೆಯುವುದಿಲ್ಲ.

ಮರದ ವಿಚಾರವೂ ಇದೇ. ಅಮ್ಮ ಇರುವವರೆಗೆ ತೋಟ ಅಮ್ಮನ ಅನುಭವಕ್ಕೆ, ಆಮೇಲೆ ಮಕ್ಕಳಿಗೆ ಅಂತ ಬರೆದಿದ್ದಾರೆ ಅನ್ನಿ. ಯಾರೋ ಕಂಟ್ರಾಕ್ಟರ್ ಬಂದು ಅಮ್ಮನ ಹತ್ತಿರ ಸಿಹಿಯಾಗಿ ಮಾತಾಡಿ ನೆರಳಿನ ಮರ ಎಲ್ಲ ಲೋಡು ಮಾಡಲು ಹೊರಟರೆ ಟ್ರಸ್ಟಿ ಸುಮ್ನೆ ನೋಡುತ್ತಾ ಕೂರುವ ಹಾಗಿಲ್ಲ, ತಡೆಯಲೇಬೇಕು. ಆಸ್ತಿಗೆ ಶಾಶ್ವತ ನಷ್ಟ ಆಗುವುದನ್ನು ನಿಲ್ಲಿಸುವುದು 18ನೇ ಕಲಂ ಪ್ರಕಾರ ಅವನ ಕೆಲಸ, ಎದುರಿಗೆ ನಿಂತಿರುವುದು ಹೆತ್ತ ತಾಯಿಯೇ ಆದರೂ. ನೆರಳು ಹೋದ ಅರೇಬಿಕಾ ಏನಾಗುತ್ತದೆ ಅಂತ ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಇತ್ತೀಚೆಗೆ ಜಾಸ್ತಿ ಬರುತ್ತಿರುವ ಪ್ರಶ್ನೆ ರೆಸಾರ್ಟು ಲೀಸಿನದು. ಚಿಕ್ಕಮಗಳೂರು ಕಡೆ ಗಿರಿ ಕಾಣುವ ಜಾಗ ಇದ್ದರೆ ಸಾಕು, ಮೂವತ್ತು ವರ್ಷಕ್ಕೆ ಲೀಸಿಗೆ ಕೊಡಿ ಅಂತ ಬೆಂಗಳೂರಿನಿಂದ ಪಾರ್ಟಿ ಬರುತ್ತಾರೆ. ಟ್ರಸ್ಟ್ ಆಸ್ತಿಯನ್ನು 21 ವರ್ಷಕ್ಕಿಂತ ಹೆಚ್ಚಿಗೆ ಲೀಸಿಗೆ ಕೊಡಲು ಸಿವಿಲ್ ನ್ಯಾಯಾಲಯದ ಅನುಮತಿ ಬೇಕು. ಅದಕ್ಕಿಂತ ಕಮ್ಮಿ ಅವಧಿಗೆ ಕೊಟ್ಟರೂ ನ್ಯಾಯವಾಗಿ ಸಿಗಬಹುದಾದ ಒಳ್ಳೆಯ ಬಾಡಿಗೆಯನ್ನೇ ಗೊತ್ತು ಮಾಡಬೇಕು. ಸ್ನೇಹಿತರು ಅಂತ ಬಿಟ್ಟಿ ರೇಟಿಗೆ ಕೊಟ್ಟರೆ ನಾಳೆ ತಂಗಿ ಕೇಳುತ್ತಾಳೆ, ಕೇಳುವ ಹಕ್ಕು ಅವಳಿಗಿದೆ. ಟ್ರಸ್ಟಿ ಮೋಸದಿಂದ ತೋಟವನ್ನೇ ಮಾರಿಬಿಟ್ಟರೆ? ಫಲಾನುಭವಿ ಆಸ್ತಿಯನ್ನು ಬೆನ್ನಟ್ಟಿ ಹೋಗಬಹುದು. ವಿಷಯ ಗೊತ್ತಿಲ್ಲದೆ, ದುಡ್ಡು ಕೊಟ್ಟು, ಪ್ರಾಮಾಣಿಕವಾಗಿ ಕೊಂಡವರಿಗೆ ಮಾತ್ರ ರಕ್ಷಣೆ. ಆದರೆ ಡೀಡ್ ರಿಜಿಸ್ಟರ್ ಆಗಿದ್ದರೆ, ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸಿದರೆ ಕಾಣುವ ಹಾಗಿದ್ದರೆ, ಗೊತ್ತಿರಲಿಲ್ಲ ಅನ್ನುವ ಮಾತು ನಿಲ್ಲುವುದಿಲ್ಲ. ರಿಜಿಸ್ಟ್ರೇಷನ್ ಖರ್ಚು ದಂಡ ಅನ್ನುವವರಿಗೆ ಇದೊಂದೇ ಸಾಕು.

ಇಷ್ಟೆಲ್ಲ ಕಷ್ಟ ಇದ್ದರೂ ಜನ ಟ್ರಸ್ಟ್ ಯಾಕೆ ಬೇಕು ಅಂತಾರೆ? ಕೇಳಿದರೆ ಹತ್ತರಲ್ಲಿ ಎಂಟು ಜನ ಹೇಳುವುದು ಒಂದೇ, “ತೋಟ ಒಡೀಬಾರದು”. 14 ಎಕರೆ ಮೂರು ಪಾಲಾದರೆ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರ ಒಬ್ಬರಿಗೆ, ಕೆರೆ ಒಬ್ಬರಿಗೆ, ದಾರಿ ಇನ್ನೊಬ್ಬರಿಗೆ. ಆ ಸಂಕಟ ನನಗೆ ಅರ್ಥ ಆಗುತ್ತದೆ. ಆದರೆ ಟ್ರಸ್ಟ್ ಅದನ್ನು ಶಾಶ್ವತವಾಗಿ ತಡೆಯುವುದಿಲ್ಲ. ಖಾಸಗಿ ಟ್ರಸ್ಟಿನಲ್ಲಿ ಆಸ್ತಿಯನ್ನು ತಲೆತಲಾಂತರಕ್ಕೆ ಕಟ್ಟಿಹಾಕಲು ಬರುವುದಿಲ್ಲ. ಈಗ ಇರುವವರ ಜೀವಮಾನ, ಅದರ ಮೇಲೆ ಆಗ ಇರುವ ಮಗುವಿಗೆ ವಯಸ್ಸು ತುಂಬುವವರೆಗೆ, ಅಷ್ಟರೊಳಗೆ ಅದು ಯಾರದಾದರೂ ಆಗಿಬಿಡಬೇಕು. ಅದಕ್ಕೂ ಮುಂಚೆ, ಫಲಾನುಭವಿಗಳು ಎಲ್ಲರೂ ವಯಸ್ಕರಾಗಿ ಒಂದೇ ಮಾತಿಗೆ ಬಂದರೆ, ಆಸ್ತಿ ನಮಗೆ ಕೊಡಿ ಅಂತ ಟ್ರಸ್ಟಿಯನ್ನು ಕೇಳಬಹುದು. ಅಂದರೆ ಮಕ್ಕಳು ಬೇರೆ ಯಾವುದರಲ್ಲೂ ಒಮ್ಮತಕ್ಕೆ ಬರದಿದ್ದರೂ ಮಾರುವುದರಲ್ಲಿ ಒಮ್ಮತಕ್ಕೆ ಬಂದರೆ ಅಪ್ಪನ ಆಸೆ ಅಲ್ಲಿಗೆ ಮುಗಿಯಿತು.

ಅಪ್ಪನಿಗೂ ಒಂದು ಪೆಟ್ಟು ಇದೆ. ವಿಲ್‌ನಲ್ಲಿ ಮಾಡಿದ ಟ್ರಸ್ಟನ್ನು ಸಾಯುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಬದುಕಿದ್ದಾಗಲೇ ಡೀಡ್ ಮಾಡಿ ಕೊಟ್ಟರೆ ಹಾಗಲ್ಲ. ರದ್ದು ಮಾಡುವ ಅಧಿಕಾರವನ್ನು ಅದರಲ್ಲೇ ಸ್ಪಷ್ಟವಾಗಿ ಇಟ್ಟುಕೊಂಡಿರಬೇಕು, ಇಲ್ಲ ಅಂದರೆ ಎಲ್ಲ ಫಲಾನುಭವಿಗಳೂ ಒಪ್ಪಬೇಕು, ಅವರಲ್ಲಿ ಒಬ್ಬ ಮೊಮ್ಮಗ ಅಪ್ರಾಪ್ತ ಆಗಿದ್ದರೆ ಅವನು ಒಪ್ಪಲು ಆಗುವುದೇ ಇಲ್ಲ. ಹಾಗಂತ ರದ್ದು ಮಾಡುವ ಅಧಿಕಾರ ಇಟ್ಟುಕೊಂಡರೆ ತೆರಿಗೆ ಇಲಾಖೆ ಆ ಆದಾಯ ನಿಮ್ಮದೇ ಅಂತ ಎಣಿಸುತ್ತದೆ. ಯಾರಿಗೆಷ್ಟು ಅಂತ ಪಾಲು ನಿಗದಿ ಮಾಡದೆ ಟ್ರಸ್ಟಿ ಮನಸ್ಸಿಗೆ ಬಿಟ್ಟರೆ ಸಾಮಾನ್ಯವಾಗಿ ಅತಿ ಹೆಚ್ಚಿನ ದರ ಬೀಳುತ್ತದೆ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲವಲ್ಲ ಅಂತೀರಾ? ಕಾಫಿ ಬೆಳೆದು ತಾವೇ ಕ್ಯೂರಿಂಗ್ (ಒಣಗಿದ ಬೀಜದ ಹೊಟ್ಟು ತೆಗೆದು ವಿಂಗಡಿಸುವುದು) ಮಾಡಿಸಿ ಮಾರಿದರೆ ಆ ಆದಾಯದಲ್ಲಿ ಶೇ 25ರಷ್ಟನ್ನು ವ್ಯವಹಾರದ ಆದಾಯ ಅಂತ ಹಿಡಿಯುತ್ತಾರೆ. ಇದನ್ನು ಡೀಡ್ ಬರೆಸುವ ಮುಂಚೆಯೇ ಆಡಿಟರ್ ಹತ್ತಿರ ಕೂತು ಕೇಳಿ. ಛಾಪಾ ಕಾಗದದ ಖರ್ಚನ್ನೂ ಅಷ್ಟೇ, ಮನೆಯವರಿಗೆ ಮಾಡುವ ದಾನಪತ್ರಕ್ಕೆ ಸಿಗುವ ರಿಯಾಯಿತಿ ಟ್ರಸ್ಟ್ ಪತ್ರಕ್ಕೂ ಸಿಗುತ್ತದೆ ಅಂದುಕೊಂಡು ಉಪನೋಂದಣಿ ಕಚೇರಿಗೆ ಹೋಗಬೇಡಿ, ಮೊದಲೇ ವಿಚಾರಿಸಿ. ಬ್ಯಾಂಕಿನವರು ಬಾಗಿಲಿಗೆ ಬಂದ ಮೇಲೆ ಟ್ರಸ್ಟ್ ಮಾಡಿ ಉಳಿಸಿಕೊಳ್ಳೋಣ ಅನ್ನುವುದು ಇನ್ನೂ ದೊಡ್ಡ ಭ್ರಮೆ. ಅಡಮಾನ ಆಸ್ತಿಯ ಜೊತೆಗೇ ಬರುತ್ತದೆ. ಸಾಲ ಕೊಟ್ಟವರನ್ನು ತಪ್ಪಿಸಲು ಮಾಡಿದ ವರ್ಗಾವಣೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಕೆಳಗೆ ರದ್ದು ಮಾಡಿಸಬಹುದು.

ಟ್ರಸ್ಟ್ ನಿಜಕ್ಕೂ ಬೇಕಾಗುವ ಮನೆ ಯಾವುದು ಅಂತ ಕೇಳಿದರೆ ನನ್ನ ಕಣ್ಣೆದುರು ಬರುವುದು ಬೇಲೂರು ಕಡೆಯ ಒಂದು ದಂಪತಿ. ಮಗನಿಗೆ ಮೂವತ್ತು ದಾಟಿದೆ, ಬುದ್ಧಿ ಬೆಳವಣಿಗೆ ಆಗಿಲ್ಲ, ಸಹಿ ಹಾಕಲು ಬರುವುದಿಲ್ಲ. ಅವನ ಹೆಸರಿಗೆ ತೋಟ ಬರೆದರೆ ಅವನು ನಡೆಸಲಾರ. ಅಕ್ಕನ ಹೆಸರಿಗೆ ಬರೆದು ‘ನೋಡಿಕೊಳ್ಳುತ್ತಾಳೆ’ ಅಂದರೆ ಅಕ್ಕ ಒಳ್ಳೆಯವಳೇ, ಆದರೆ ಅಕ್ಕ ಇಲ್ಲದ ದಿನ? ಅವರು ಬರೆಸಿದ್ದು ಹೀಗೆ. ತೋಟದ ಈ ಐದು ಎಕರೆ ಟ್ರಸ್ಟಿಗಳ ಕೈಗೆ, ಆದಾಯ ಮೊದಲು ಮಗನ ಊಟ, ಔಷಧಿ, ನೋಡಿಕೊಳ್ಳುವವರ ಸಂಬಳಕ್ಕೆ, ಉಳಿದದ್ದು ಅವನದೇ ಖಾತೆಗೆ, ಅವನ ಕಾಲಾನಂತರ ಅಕ್ಕನ ಮಕ್ಕಳಿಗೆ. ಒಬ್ಬ ಟ್ರಸ್ಟಿ ಹೋದರೆ ಅವನ ಜಾಗಕ್ಕೆ ಬರುವವರ ಹೆಸರನ್ನೂ ಬರೆದಿದ್ದಾರೆ. ಮಗನ ಪೋಷಕರನ್ನು ನೇಮಿಸುವುದು ಬೇರೆ ಕೆಲಸ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಕೆಳಗೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಹೆಸರಲ್ಲಿ ಟ್ರಸ್ಟ್ ಇದ್ದರೂ ಅದು ಆಸ್ತಿಯ ಟ್ರಸ್ಟ್ ಅಲ್ಲ, ಈ ಎರಡನ್ನು ಕಲಸಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದವರನ್ನು ನೋಡಿದ್ದೇನೆ. ಆ ತಾಯಿ ಡೀಡಿನ ಕರಡು ಓದುವಾಗ ನಿಲ್ಲಿಸಿ, ಅವನಿಗೆ ಮಧ್ಯಾಹ್ನ ಮೊಸರನ್ನವೇ ಆಗಬೇಕು, ಅದನ್ನೂ ಬರೆಯಬಹುದಾ ಅಂತ ಕೇಳಿದರು. ಬರೆಯಬಹುದು, ಬರೆದೆವು.

ಸಕಲೇಶಪುರದ ತಂಗಿಯ ಕತೆ ಹೇಳಿಬಿಡುತ್ತೇನೆ. ದಾವೆ ಹಾಕಲಿಲ್ಲ. ಅಣ್ಣನಿಗೆ ಫೋನ್ ಮಾಡಿ ಕರೆಸಿದೆ. ಬಂದವರು ಮೊದಲ ಅರ್ಧ ಗಂಟೆ ವಿಲ್‌ನ ಮೊದಲ ಪುಟವನ್ನೇ ತೋರಿಸಿದರು. “ಅಪ್ಪ ನನ್ನ ಹೆಸರಿಗೆ ಬರೆದಿದ್ದಾರೆ, ಇದರಲ್ಲಿ ಇನ್ನೇನಿದೆ ಸಾರ್?” ನಾನು ಎರಡನೇ ಪುಟ ತಿರುಗಿಸಿ, ಕಾನೂನು ಪ್ರಕಾರ ನೀವು ಗೆಲ್ಲಬಹುದು, ಅದು ಬೇರೆ ಮಾತು, ಇದನ್ನು ಬರೆಯುವಾಗ ಅಪ್ಪನ ಮನಸ್ಸಲ್ಲಿ ಏನಿತ್ತು ಅಂತ ನಿಮಗೇ ಗೊತ್ತಲ್ಲ ಅಂದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, “ಕೆರೆ ಪಕ್ಕದ್ದು ನಾಲ್ಕು ಎಕರೆ ಆಗ್ತದಾ?” ಅಂತ ತಂಗಿಯನ್ನು ಕೇಳಿದರು, ನನ್ನನ್ನಲ್ಲ.

ತಂಗಿಗೆ ತೋಟ ನಡೆಸಲು ಆಗುವುದಿಲ್ಲ, ಇರುವುದು ತುಮಕೂರಿನಲ್ಲಿ. ಹಾಗಾಗಿ ನಾಲ್ಕು ಎಕರೆಗೆ ಅಣ್ಣನೇ ಡಿಕ್ಲರೇಷನ್ (ಘೋಷಣಾ ಪತ್ರ) ಮಾಡಿ ಟ್ರಸ್ಟಿ ಆಗಿ ಉಳಿಯುವುದು, ಖರ್ಚು ಕಳೆದು ಬಂದದ್ದನ್ನು ಪ್ರತಿ ವರ್ಷ ಏಪ್ರಿಲ್ ಒಳಗೆ ಲೆಕ್ಕದ ಸಮೇತ ತಂಗಿಗೆ ಕೊಡುವುದು, ನಡೆಸಿದ್ದಕ್ಕೆ ಅಣ್ಣನಿಗೆ ಇಷ್ಟು ಅಂತ ಸಂಭಾವನೆ, ಅಣ್ಣನ ನಂತರ ಟ್ರಸ್ಟಿ ಯಾರು ಅನ್ನುವುದು, ಇಷ್ಟು ಕರಡಿನಲ್ಲಿ ಇದೆ. ಕೊಡುತ್ತಾನೆ ಅಂತ ಇದ್ದ ಕಡೆ ಅಣ್ಣನೇ ಪೆನ್ನು ತೆಗೆದುಕೊಂಡು ‘ಕೊಡತಕ್ಕದ್ದು’ ಅಂತ ತಿದ್ದಿದರು. ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಆದ್ದರಿಂದ ಆ ಭಾಗವನ್ನು ಅಳೆದು ಗುರುತಿಸುವ 11-ಇ ನಕ್ಷೆ ಬೇಕು. ಅರ್ಜಿ ಹಾಕಿ ಎರಡು ತಿಂಗಳಾಯಿತು, ಸರ್ವೆಯವರು ಇನ್ನೂ ಬಂದಿಲ್ಲ.